ಗಡಿಯಾರದ ಸೆಲ್ಲು

ಟೇಮರ್ ನದಿಯ ಮಂಜು ಇನ್ನೂ ಕಿಟಕಿ ಬಿಟ್ಟಿರಲಿಲ್ಲ.
ಲಾನ್ಸೆಸ್ಟನ್ನಿನಲ್ಲಿ ಜೂನ್ ಎಂದರೆ ಚಳಿಗಾಲ;
ಹೀಟರು ಕೆಮ್ಮಿಕೊಂಡೇ ಬಿಸಿಯಾಗುತ್ತಿತ್ತು.
ಮೂರನೇ ತರಗತಿ, ಇಪ್ಪತ್ಮೂರು ಮಕ್ಕಳು,
ಇವತ್ತಿನ ಪಾಠ: ಗಂಟೆ ಎಷ್ಟು?

ಫರ್ಗಸ್ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ.
"ಆ ಟಿಕ್ ಟಿಕ್ ನನ್ನ ಹಲ್ಲೊಳಗೆ ನಡೀತಿದೆ, ಮಿಸ್."
ಕಿವಿಗೊಟ್ಟೆ. ಏಳು ವರ್ಷ ಅದೇ ಕೋಣೆಯಲ್ಲಿದ್ದೂ
ಆ ಗಡಿಯಾರಕ್ಕೆ ಸದ್ದಿದೆಯೆಂದು ಗೊತ್ತಿರಲಿಲ್ಲ.
ಕುರ್ಚಿ ಹತ್ತಿ, ಅದರ ಬೆನ್ನು ತೆರೆದು,
ಸೆಲ್ಲು ಕಿತ್ತು ಡ್ರಾಯರಿಗೆ ಹಾಕಿದೆ.
ಹತ್ತಾಗಲು ಹದಿನೈದು ನಿಮಿಷ ಉಳಿದಿತ್ತು.
ಉಳಿದೇ ಇತ್ತು, ಅವತ್ತಿಡೀ.

ಓಡದ ಮುಳ್ಳು ಕಂಡು ಇಮೊಜೆನ್ ಬೆನ್ನು ನೆಟ್ಟಗೆ ಮಾಡಿದಳು.
ಅವಳ ಕಣ್ಣಲ್ಲಿ ಯಾವುದೂ ಕೂತಲ್ಲಿ ಕೂರುವುದಿಲ್ಲ:
ಆರು ಮಗುಚಿ ಒಂಬತ್ತಾಗುತ್ತದೆ,
ಬಿ ಮಗ್ಗುಲು ಬದಲಿಸಿ ಡಿ ಆಗುತ್ತದೆ.
ಹಳದಿ ಹಾಳೆ ಕೊಟ್ಟಿದ್ದೆ, ಸಾಲಿನ ಕೆಳಗಿಡಲು ಪಟ್ಟಿ ಕೊಟ್ಟಿದ್ದೆ,
ಹೊತ್ತನ್ನೇ ಒಂದಿಷ್ಟು ಹಿಡಿದು ನಿಲ್ಲಿಸಬೇಕಿತ್ತೆಂದು
ಹೊಳೆದಿರಲಿಲ್ಲ.
ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು, ಐದೈದಾಗಿ,
ಸಂತೆಯಲ್ಲಿ ನಿಂಬೆಹಣ್ಣು ಎಣಿಸಿ ಹಾಕುವವರ ಹಾಗೆ.

ಕ್ವಾರ್ಟರ್ ಟು ಟೆನ್, ಹಲಗೆಯ ಮೇಲೆ ಬರೆದೆ.
ಬರೆಯುವಾಗ ಕೈ ತಡೆಯಿತು, ಯಾವಾಗಲೂ ತಡೆಯುತ್ತದೆ.
ನನಗದು ಒಂಬತ್ತು ಮುಕ್ಕಾಲು,
ಕೈಗೆ ಬಂದದ್ದನ್ನು ಎಣಿಸುವ ಲೆಕ್ಕ.
ಇಲ್ಲಿಯದು ಬರಬೇಕಾದ ಬಾಕಿಯದು.
ಆರು ವಾರದ ಹಿಂದೆ ಸೇರಿದ ಪ್ರಬಿನ್ ಅಧಿಕಾರಿ,
ಈವರೆಗೆ ಟಾಯ್ಲೆಟ್ ಎಂಬುದೊಂದೇ ಮಾತಾಡಿದವನು,
ಹಿಂದಿನ ಮೇಜಿನಿಂದ ಮೆಲ್ಲಗೆ, "ಪೌನೆ ದಸ್."
ಹತ್ತು, ಕಾಲು ಕಮ್ಮಿ.
ಅವನ ನೇಪಾಳಿಗೂ ಇಂಗ್ಲಿಷಿಗೂ ಅಲ್ಲಿ ಬೀಗತನ;
ಹೊರಗಿನವಳು ನಾನೊಬ್ಬಳೇ.
"ಇನ್ನೊಮ್ಮೆ ಹೇಳಪ್ಪಾ" ಎಂದೆ. ನನಗೆ ಬೇಕಿತ್ತು.

ರಾಣೆಬೆನ್ನೂರಿನ ಎರಡನೇ ಇಯತ್ತೆಯಲ್ಲಿ
ಚನಬಸ್ಯ ಅಂತ ಒಬ್ಬನಿದ್ದ.
ಮರ ಬರಿ ಅಂದರೆ ವರ ಬರೆಯುತ್ತಿದ್ದ.
"ಗಿಡಕ್ಕ ಬಾಸಿಂಗ ಕಟ್ಟಿದೇನಲೇ?" ಅಂದರು ಮಾಸ್ತರು,
ನಕ್ಕೆವು, ನಾನೂ ಸೇರಿ, ಹೊಟ್ಟೆ ಹಿಡಿದುಕೊಂಡು.
ಆಮೇಲೆ ರೂಲುದೊಣ್ಣೆ, ಬೆರಳ ಗಿಣ್ಣಿಗೆ.
ಬಲಕ್ಕೊಂದು ಸಣ್ಣ ಬಾಲ, ಅಷ್ಟೇ ವ್ಯತ್ಯಾಸ.
ಮೂರನೇ ಇಯತ್ತೆಗೆ ಅವನು ಬರಲಿಲ್ಲ.

ಪ್ರಿನ್ಸಿಪಾಲ್ ಹ್ಯಾಡ್ಲೋ ಬಾಗಿಲಲ್ಲಿ ಇಣುಕಿದರು:
"ಗಡಿಯಾರ ಕೆಟ್ಟಿದೆಯಾ?"
"ಇಲ್ಲ, ಕೆಲಸದಲ್ಲಿದೆ."
ಫಾರಂನಲ್ಲಿ 'ಮಾಡಿಕೊಂಡ ಹೊಂದಾಣಿಕೆ' ಎಂಬ ಕಾಲಮ್ಮು
ಎರಡು ಬೆರಳಗಲ. ಸಂಜೆ ಕೂತು ಬರೆದೆ:
ಸೆಲ್ಲು ತೆಗೆಯಲಾಗಿದೆ.

ಕೋಯನ್ ಹೆಸರಿನ ಮುಂದೆ ಆ ಕಾಲಮ್ಮು ಖಾಲಿ.
ಮೇಜಿನ ಕೆಳಗೇ ಅವನ ಬಿಡಾರ.
ಚಿತ್ರದ ಚೀಟಿ ಕಳಿಸಿದೆ, ಜೇಡಿಮಣ್ಣು ಕಳಿಸಿದೆ,
ಒಮ್ಮೆ ನಾನೇ ಮಂಡಿಯೂರಿ ಹೋದೆ.
ನನ್ನ ಶೂ ಲೇಸು ಬಿಚ್ಚಿದ, ಮತ್ತೆ ಕಟ್ಟಿದ,
ನಾನು ಕಟ್ಟಿದ್ದಕ್ಕಿಂತ ಬಿಗಿಯಾಗಿ.
ಅದು ಉತ್ತರವೋ ಏನೋ.
ಓದಲು ನನಗಿನ್ನೂ ಬರುವುದಿಲ್ಲ.

ಶುಕ್ರವಾರ, ಬಸ್ಸಿಗೆ ಎಲ್ಲರೂ ಸಾಲು ನಿಂತಾಗ
ಫರ್ಗಸ್ ಒಬ್ಬನೇ ವಾಪಸು ಬಂದ.
ಸೆಲ್ಲು ಕೇಳಿದ. ಅಂಗೈಯಲ್ಲಿ ಉರುಳಿಸಿದ, ಕಿವಿಗಿಟ್ಟುಕೊಂಡ.
"ಇದರಲ್ಲಿ ಸದ್ದೇ ಇಲ್ಲ" ಅಂದ, ಮೋಸಹೋದವನ ದನಿಯಲ್ಲಿ.
ಗಡಿಯಾರ ಇಳಿಸಿಕೊಟ್ಟೆ. ತಾನೇ ಹಾಕಿದ,
ಕಣ್ಣು ಮುಚ್ಚಿ, ಹಲ್ಲು ಕಚ್ಚಿ,
ಒಂದು, ಎರಡು, ಮೂರು...
ಹನ್ನೊಂದಕ್ಕೆ ಕಿತ್ತು ನನ್ನ ಕೈಗೆ ತುರುಕಿದ.
ಬೆಚ್ಚಗಿತ್ತು.
"ನಾಳೆ ಹನ್ನೆರಡು" ಎಂದ.

ನಾಳೆ ಶನಿವಾರ ಎಂದು
ನಾನು ಹೇಳಲಿಲ್ಲ.